ಬಿಚ್ಚಾಕ ಬರದ ಚಾಕು

ಉಳ್ಳಾಗಡ್ಡಿ ಕೆಲಸ ಮುಗೀತು, ಹಿಂಗಾರಿ ಬಿತ್ತಿಗಿನೂ ಆತು. ಒಂದು ತಿಂಗಳಾತು ಏನೂ ಬರದಿಲ್ಲ ಯಾಕ ಅಂತ ನಾಲ್ಕೈದು ಮಂದಿ ಕೇಳಿದ್ರಿ. ಬರಿಯೋ ವಿಷಯ ಇತ್ತು, ಬರಿಯಾಕ ಮನಸ್ಸು ಇರಲಿಲ್ಲ. ಯಾಕಂದ್ರ ಇದರಾಗ ತಪ್ಪು ಮಾಡಿದಾಂವ ನಾನ.

ಇವತ್ತಿನ ವಿಷಯ ಬೆಳಿ ಅಲ್ಲ, ರೋಗ ಅಲ್ಲ, ರೇಟೂ ಅಲ್ಲ. ಚಾಕು. ಕಿಸೇದಾಗ ಇಟ್ಕೊಳ್ಳೋ ಮಡಚೋ ಚಾಕು. ಇದರ ಬಗ್ಗೆ ಏನ್ ಬರೀತಾನ ಈ ಮನಷ್ಯಾ ಅಂತ ನಗಬ್ಯಾಡ್ರಿ, ಪೂರ್ತಿ ಓದ್ರಿ.

ನಮ್ಮ ಮುತ್ಯಾನ ಹತ್ರ ಒಂದು ಮಡಚೋ ಚಾಕು ಇತ್ತು. ಬನಶಂಕರಿ ಜಾತ್ರ್ಯಾಗ ತಂದಿದ್ದು. ಕಟ್ಟಿಗಿ ಹಿಡಿಕಿ, ಹಿಡಿಕಿ ನಡುವ ಒಂದು ಸೀಳು, ಸೀಳಿನ್ಯಾಗ ಅಲಗು, ತಲಿ ಕಡೆ ಒಂದ ಒಂದು ರಿವೀಟು. ಅಷ್ಟ. ಸ್ಪ್ರಿಂಗ್ ಇಲ್ಲ, ಗುಂಡಿ ಇಲ್ಲ. ರಿವೀಟು ಎಷ್ಟು ಬಿಗಿ ಐತಿ, ಅಷ್ಟರ ಮ್ಯಾಲ ಅಲಗು ನಿಂದರ್ತಿತ್ತು. ಅಡಕಿ ಹೋಳು ಮಾಡಾಕ ಅದ, ಬಾರಕೋಲಿನ ಬಾರು ಸೀಳಾಕ ಅದ, ಹಗ್ಗ ಕೊಯ್ಯಾಕ, ಆಡಿನ ಗೊರಸು ಸವರಾಕ, ಹೊಲದಾಗ ಸೌತಿಕಾಯಿ ಹೆಚ್ಚಾಕ ಎಲ್ಲಾಕೂ ಅದ. ಸಡಲ ಆದ್ರ ಕಲ್ಲಿನ ಮ್ಯಾಲ ಇಟ್ಟು ರಿವೀಟಿಗೆ ಎರಡು ಏಟು. ನಮ್ಮಪ್ಪ ಅದನ್ನ ತಾ ಸಾಯೋ ತನಕ ಬಳಸಿದ. ನನ್ನ ಕೈಗೆ ಬಂದ ಎರಡನೇ ವರ್ಷಕ್ಕ ಬ್ಯಾಸಗ್ಯಾಗ ಹೊಲದಾಗ ಕಳಕೊಂಡೆ. ಎರಿ ನೆಲ ಬಿರಿದಾಗ ಬಿರುಕು ಮೊಣಕೈ ಮಟ ಇಳೀತಾವು, ಅದರಾಗ ಬಿದ್ದದ್ದು ಭೂಮಿತಾಯಿಗೆ ಸೇರಿದಂಗ.

ಆಮ್ಯಾಲ ಬಹಳ ವರ್ಷ ಕುಡಗೋಲಿನ ಮ್ಯಾಲ ಜೀವನ ನಡದಿತ್ತು. ಹಿಂಗ ಇರೋವಾಗ, ರಾತ್ರಿ ತ್ರೀಫೇಸ್ ಕರೆಂಟಿನ ದಾರಿ ಕಾಯ್ಕೋಂತ ಬೋರಿನ ಹತ್ರ ಕುಂತಾಗ ಮೊಬೈಲಿನ್ಯಾಗ ಚಾಕುಗೋಳ ವಿಡಿಯೋ ಬರಾಕ ಹತ್ತಿದ್ವು. ಒಂದು ನೋಡಿದ್ರ ಹತ್ತು ಬರ್ತಾವಲ್ಲ ಹಂಗ. ಅಬ್ಬಬ್ಬಾ, ಏನೇನು ಮಾಡ್ಯಾರ್ರಿ! ಒಂದರಾಗ ಅಲಗು ಮಡಚಂಗ ಇಲ್ಲ, ಹಿಡಿಕಿ ಹೊಟ್ಟ್ಯಾಗಿಂದ ಹಾವಿನ ನಾಲಿಗಿ ಹಂಗ ನೆಟ್ಟಗ ಮುಂದಕ್ಕ ಹಾರತೈತಿ, ಮತ್ತ ಗುಂಡಿ ಒತ್ತಿದ್ರ ಒಳಗ ಹೋಗತೈತಿ. ಫಿಲಿಪ್ಪೀನ್ಸ್ ದೇಶದ್ದು ಒಂದಕ್ಕ ಎರಡು ಹಿಡಿಕಿ, ಬಾಲಿಸಾಂಗ್ ಅಂತಾರ. ಚಿಟ್ಟಿ ರೆಕ್ಕಿ ಹಂಗ ಪಟಪಟ ತಿರುಗಿಸಿ ಬಿಚ್ಚತಾರ. ಇನ್ನೊಂದರಾಗ ಹಿಡಿಕೀನ ಹಲ್ಲುಗಾಲಿ ಮ್ಯಾಲ ತಿರಗತೈತಿ. ಸುಳ್ಳು ಯಾಕ ಹೇಳಲಿ, ನನಗ ಹುಚ್ಚು ಹಿಡೀತು. ಐವತ್ತು ದಾಟಿದ ಮನಷ್ಯಾ ಹುಬ್ಬಳ್ಯಾಗಿರೋ ಮಗಗ ಫೋನ್ ಮಾಡಿ, "ತಮ್ಮಾ, ಇಂಥಾದ್ದೊಂದು ಆರ್ಡರ್ ಹಾಕು" ಅಂದೆ. ಸಾವಿರದ ನೂರಾ ಐವತ್ತು ರೂಪಾಯಿ.

ಬಂದದ್ದು ಹಿಂಗಿತ್ತು. ಅಲಗಿನ ಬುಡಕ್ಕ, ಹಿಂದಿನ ಕಡೆ, ಸಣ್ಣದೊಂದು ರೆಕ್ಕಿ ಹೊರಗ ಚಾಚಿರತೈತಿ. ತೋರುಬೆರಳಿಲೆ ಅದನ್ನ ಜಗ್ಗಿದ್ರ ಅಲಗು ಒಂದೀಟು ಏಳತೈತಿ, ಎದ್ದಕೂಡ್ಲೆ ಒಳಗಿನ ಸ್ಪ್ರಿಂಗ್ ಉಳಿದ ಕೆಲಸ ತಾನ ಮಾಡಿ ಟಕ್ ಅಂತ ಬಿಚ್ಚತೈತಿ. ಕಿಸೇದಾಗ ತನ್ನಷ್ಟಕ್ಕ ತಾ ಬಿಚ್ಚಿ ತೊಡಿಗೆ ಹೊಡೀಬಾರದಲ್ಲ, ಅದಕ್ಕ ಹಿಡಿಕಿ ಮ್ಯಾಲ ಒಂದು ಜಾರೋ ಗುಂಡಿ. ಅದನ್ನ ಮೊದಲು ಹಿಂದಕ್ಕ ಸರಿಸಬೇಕು, ಆಮ್ಯಾಲ ರೆಕ್ಕಿ ಜಗ್ಗಬೇಕು. ಸರಿಸಲಿಲ್ಲ ಅಂದ್ರ ಏನ್ ಮಾಡಿದ್ರೂ ಅಲಗು ಅಳ್ಳಾಡಂಗಿಲ್ಲ. ಮುಚ್ಚೋದು ಮತ್ತ ಬ್ಯಾರೆ ವಿದ್ಯಾ. ಹಿಡಿಕಿ ಒಳಗ ಒಂದು ತೆಳು ಪಟ್ಟಿ ಅಲಗಿನ ಬುಡಕ್ಕ ಅಡ್ಡ ನಿಂತಿರತೈತಿ, ಅದನ್ನ ಹೆಬ್ಬೆರಳಿಲೆ ಬಾಜೂಕ ಒತ್ತಿ ಹಿಡಿದು ಅಲಗು ಮಡಚಬೇಕು. ಆ ಹೆಬ್ಬೆರಳು ಇರೋದು ಅಲಗು ಬರೋ ದಾರ್ಯಾಗ. ನೋಡ್ರಿ, ಮುಚ್ಚಾಕ ಬೆರಳನ್ನ ಅಲಗಿನ ಬಾಯಾಗ ಇಡಬೇಕು. ಇದನ್ನ ಮಾಡಿದಾಂವ ಜಾಣ ಇದ್ದಾನ, ಇಲ್ಲ ಅನ್ನಂಗಿಲ್ಲ. ನಾನೂ ಎಂಟ ದಿನದಾಗ ಕಲತೆ. ಕಟ್ಟಿ ಮ್ಯಾಲ ಕುಂತು ಟಕ್ ಟಕ್ ಮಾಡೋದ ಒಂದು ಕೆಲಸ ಆತು.

ಉಳ್ಳಾಗಡ್ಡಿ ತಪ್ಪಲ ಕೊಯ್ಯಾಕ ಬಂದ ಹೆಣ್ಮಕ್ಕಳು, "ಯಣ್ಣಾ, ಚಾಕು ಹಿಡಕೊಂಡು ಸಿನಿಮಾದಾಗ ಸೇರತೀ ಏನು?" ಅಂತ ನಕ್ಕರು. ಅವರ ಕೈಯಾಗಿನ ಕುಡಗೋಲು ಒಂದು ಗಡ್ಡಿ ಮುಗಿಸಿ ಇನ್ನೊಂದಕ್ಕ ಹೋಗೋದರಾಗ ನಾ ಇನ್ನೂ ಗುಂಡಿ ಸರಸ್ತಿದ್ದೆ. ಎರಿ ಮಣ್ಣಿನ ಧೂಳು ನಿಮಗ ಗೊತ್ತಲ್ಲ, ಹಿಟ್ಟಿಗಿಂತ ಸಣ್ಣಂದು. ಅದಕ್ಕ ಉಳ್ಳಾಗಡ್ಡಿ ರಸ ಕೂಡಿತು ಅಂದ್ರ ಅಂಟು ಆಗತೈತಿ. ಹದಿನೈದು ದಿನದಾಗ ಆ ಗುಂಡಿ ಬಿಗಿ ಹಿಡೀತು. ಹೆಬ್ಬೆರಳ ಉಗುರು ಹಚ್ಚಿ ಗಟ್ಟಿ ದೂಡಿದ್ರ ಮಾತ್ರ ಸರೀತಿತ್ತು. ನನಗ ರೂಢಿ ಆಗಿತ್ತು, ಅದಕ್ಕ ನನಗ ಅದು ಗೊತ್ತ ಆಗಲಿಲ್ಲ. ಎಲ್ಲಾ ತಪ್ಪಿಗೆ ಬುಡ ಇಲ್ಲೇ ಐತಿ.

ಒಂದಿನ ಗದಗಕ್ಕ ಉಳ್ಳಾಗಡ್ಡಿ ಹೇರಕೊಂಡು ಹೋದೆ. ಪಾಳಿ ಸಿಗಲಿಲ್ಲ, ರಾತ್ರಿ ಅಲ್ಲೇ ಚೀಲದ ಮ್ಯಾಲ ಮಲಗಿದೆ. ಚಾಕು ಮನ್ಯಾಗ ಬಿಟ್ಟಿದ್ದೆ, ದನದ ಕೊಟ್ಟಿಗ್ಯಾಗ, ಗ್ವಾದ್ಲಿ ಕಂಬದ ಮೊಳಿಗೆ. ಮನ್ಯಾಗ ನಮ್ಮ ಮನ್ಯಾಕಿ, ಎಂಬತ್ತು ದಾಟಿದ ನಮ್ಮವ್ವ, ಇಬ್ಬರ. ರಾತ್ರಿ ಎರಡರ ಸುಮಾರಿಗೆ ಬಲಗಡೆ ಎತ್ತು ಒದ್ದಾಡೋ ಸಪ್ಪಳ. ಕರೆಂಟ್ ಇಲ್ಲ. ಟಾರ್ಚ್ ತಗೊಂಡು ಹೋಗಿ ನೋಡಿದ್ರ ಎತ್ತು ಮುಂಗಾಲು ಗ್ವಾದ್ಲಿ ಮ್ಯಾಲ ಹಾಕಿ ಜಾರಿ ಬಿದ್ದೈತಿ, ಕೊಳ್ಳಿನ ಹಗ್ಗ ಕೋಡಿಗೂ ಕುತಿಗಿಗೂ ಸುತ್ತಿ ಉರುಳು ಆಗೈತಿ. ಹಿಂದ ಪುಂಡಿನಾರಿನ ಹಗ್ಗ ಇತ್ತು, ಎತ್ತು ಜೀವ ಬಿಟ್ಟು ಜಗ್ಗಿದ್ರ ಹರೀತಿತ್ತು. ಈಗಿನದು ನೈಲಾನು. ಅದು ಹರಿಯಂಗಿಲ್ಲ, ಗಂಟು ಬಿಚ್ಚಂಗಿಲ್ಲ, ಭಾರ ಬಿದ್ದಷ್ಟೂ ಬಿಗೀತೈತಿ.

ಕಂಬದ ಮ್ಯಾಲ ಚಾಕು ಐತಿ. ಟಾರ್ಚ್ ಅವ್ವನ ಕೈಗೆ ಕೊಟ್ಟು ನಮ್ಮಾಕಿ ಚಾಕು ತಗೊಂಡಳು. ರೆಕ್ಕಿ ಜಗ್ಗಿದಳು, ಬರಲಿಲ್ಲ. ಅಲಗಿಗೆ ಉಗುರು ಹಾಕಿ ಜಗ್ಗಿದಳು, ಉಗುರು ಕಿತ್ತು ಬಂತು. ಹಲ್ಲಿಲೆ ಹಿಡಿದು ನೋಡಿದಳು. ಅವ್ವ "ಒಗಿ ಅದನ್ನ, ಕುಡಗೋಲು ತಾ" ಅಂತ ಚೀರಾಕ ಹತ್ತಿದಳು. ಸುಗ್ಗಿ ಮುಗದದ್ದಕ್ಕ ಕುಡಗೋಲು ಎಲ್ಲಾ ಕಟ್ಟಿ ಅಟ್ಟದ ಮ್ಯಾಲ ಹಾಕಿದ್ವಿ. ಒಳಗಿನ ಈಳಗಿ ಮಣಿ ಸಮೇತ, ಅದನ್ನ ಎತ್ತಿನ ಕುತಿಗಿ ಹತ್ರ ಒಯ್ಯೋದು ಹೆಂಗ? ಕಡೀಕ ಗದ್ದಲ ಕೇಳಿ ಬಾಜೂ ಮನಿ ಆಯಿ ಕುಡಗೋಲು ಹಿಡಕೊಂಡು ಓಡಿ ಬಂದು ಒಂದ ಏಟಿಗೆ ಹಗ್ಗ ಕೊಯ್ದಳು. ಆಯಿಗೆ ಎಪ್ಪತ್ತರ ಮ್ಯಾಲ ವಯಸ್ಸು, ಕಣ್ಣು ಒಂದು ಸರಿಯಾಗಿ ಕಾಣಂಗಿಲ್ಲ. ಇದೆಲ್ಲಾ ಆಗಾಕ ಮೂರು ನಿಮಿಷ ಆತು ಅಂತಾಳ ನಮ್ಮಾಕಿ, ಹತ್ತು ನಿಮಿಷ ಅಂತಾಳ ಅವ್ವ.

ಎತ್ತು ಉಳೀತು. ಆದ್ರ ಬಾರಾ ದಿನ ಸರಿಯಾಗಿ ಮೇವು ಮುಟ್ಟಲಿಲ್ಲ. ಡಾಕ್ಟರು ಎರಡು ಸಲ ಬಂದು ಹೋದರು. ಈಗೂ ನೊಗ ಇಟ್ಟು ನಾಲ್ಕು ಸಾಲು ಹೊಡದ್ರ ಕೆಮ್ಮತೈತಿ. ಈ ವರ್ಷ ಕಡ್ಲಿ, ಬಿಳಿಜೋಳ ಎಲ್ಲಾ ಬಾಡಿಗಿ ಟ್ರ್ಯಾಕ್ಟರಿಲೆ ಬಿತ್ತಿದೆ. ಮುಂದ ಆ ಎತ್ತು ಗಳೇಕ ಆಗತೈತೋ ಇಲ್ಲೋ ಗೊತ್ತಿಲ್ಲ.

ನಾ ಮರುದಿನ ಸಂಜಿಕ ಬಂದಾಗ ನಮ್ಮಾಕಿ ಬೈಲಿಲ್ಲ. ಬೆರಳಿಗೆ ಬಟ್ಟಿ ಸುತ್ತಿತ್ತು. ಚಾಕು ತಂದು ಕೈಯಾಗ ಇಟ್ಟು, "ಇದು ಚಾಕು ಅಲ್ರಿ, ಕೀಲಿ. ಕೀಲಿಕೈ ನಿಮ್ಮ ಹತ್ರ ಇಟ್ಕೊಂಡು ಗದಗಕ್ಕ ಹೋಗೀರಿ" ಅಂದಳು.

ಮಗ ಫೋನಿನ್ಯಾಗ, "ಅಪ್ಪಾ, ಅವ್ವಗ ಮೊದಲ ಕಲಿಸಬೇಕಾಗಿತ್ತು" ಅಂದ. ಕಲಿಸಿದ್ದೆ ರೀ. ಹಗಲಾಗ, ನಕ್ಕೋಂತ, ಒಂದು ಸಲ ತೋರಿಸಿದ್ದೆ. ಆಕೀನೂ ಬಿಚ್ಚಿದ್ದಳು. ಆದ್ರ ಕತ್ತಲಾಗ, ಎದಿ ಹೊಡಕೊಳ್ಳೋವಾಗ, ಕೈ ತನಗ ಬಹಳ ದಿನದಿಂದ ಗೊತ್ತಿದ್ದನ್ನ ಅಷ್ಟ ಮಾಡತೈತಿ. ಇರ್ಲಿ, ಆಕಿಗೆ ಕಲಿಸಿದೆ ಅಂತ ಹಿಡೀರಿ. ಬಾಜೂ ಮನಿ ಆಯಿಗೆ? ಕೂಲಿ ಹೆಣ್ಮಕ್ಕಳಿಗೆ? ಹಾದ್ಯಾಗ ಹೋಗೋ ಕುರಿಗಾರಗ? ಸಿಟಿ ಮಂದಿ ಚಾಕು ಒಬ್ಬನ ಕಿಸೇದಾಗಿಂದು. ಒಕ್ಕಲಿಗರ ಮನಿ ಚಾಕು ಹಂಗಲ್ಲ, ಆಪತ್ತಿನ್ಯಾಗ ಯಾರ ಕೈ ಹತ್ರ ಇರತೈತಿ ಅವರದ್ದು ಅದು. ಅದಕ್ಕ ನನ್ನ ಅಭಿಪ್ರಾಯ ಹೇಳಿ ಬಿಡ್ತೀನಿ: ಕಲತವರಿಗೆ ಅಷ್ಟ ಬಿಚ್ಚಾಕ ಬರೋ ಚಾಕು ಎಷ್ಟ ಚಂದ ಇರಲಿ, ಎಷ್ಟ ಹರಿತ ಇರಲಿ, ಹೊಲಮನಿಗೆ ಅದು ಬ್ಯಾಡ.

ಈ ಹಾರೋ ಚಾಕು ನಮ್ಮ ದೇಶಕ್ಕ ಹೊಸದಲ್ಲ. ಉತ್ತರ ಪ್ರದೇಶದ ರಾಂಪುರದ ಚಾಕು ಕೇಳೀರಿ. ರಾಂಪುರಿ ಅಂದ್ರ ಸಾಕು, ನಮ್ಮ ವಯಸ್ಸಿನವರಿಗೆ ಹಿಂದಿ ಸಿನಿಮಾದ ಖಳನಾಯಕರೆಲ್ಲಾ ಕಣ್ಣಮುಂದ ಬರ್ತಾರ. 1965ರ ‘ವಕ್ತ್’ ಸಿನಿಮಾದಾಗ ರಾಜ್‌ಕುಮಾರ್ ಅವರ (ನಮ್ಮ ಅಣ್ಣಾವ್ರಲ್ಲ, ಹಿಂದಿಯವರು) ಚಾಕುವಿನ ಮಾತು ಇವತ್ತಿಗೂ ಮಂದಿ ಹೇಳ್ತಾರ. ನಮ್ಮ ಕನ್ನಡ ಸಿನಿಮಾದ ರೌಡಿಗಳ ಕೈಯಾಗೂ ಗುಂಡಿ ಚಾಕು ಇದ್ದ ಇರ್ತಿತ್ತು. ರಾಂಪುರದ ಕಾರೀಗರರ ಕೈಕೆಲಸದ ಬಗ್ಗೆ ನನಗ ಗೌರವ ಐತಿ. ಗುಂಡಿ, ಸ್ಪ್ರಿಂಗ್ ಕೈಯಿಂದ ಹೊಂದಿಸೋದು ಸಣ್ಣ ವಿದ್ಯಾ ಅಲ್ಲ. ಆದ್ರ 1990ರ ದಶಕದಾಗ ಅಲ್ಲಿ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದ ಅಲಗಿಗೆ ತಡಿ ಹಾಕಿತು, ಕಸಬು ಸೊರಗಿತು. 2023ರಾಗ ಅದ ಊರಿನ ಒಂದು ಸರ್ಕಲ್‌ನ್ಯಾಗ ಇಪ್ಪತ್ತು ಫೂಟಿನ ಚಾಕು ಮಾಡಿ ನಿಂದರಿಸ್ಯಾರ. ಮಾಡೋ ಕೈ ಕಡಿಮಿ ಆದ ಮ್ಯಾಲ ಮೂರ್ತಿ ಬಂತು.

ಕಾನೂನು ಈ ಚಾಕುಗೋಳನ್ನ ಹೆಂಗ ನೋಡತೈತಿ ಅನ್ನೋದರಾಗೂ ಒಂದು ಮಾತೈತಿ. ಅಮೆರಿಕಾದಾಗ 1958ರಾಗ, ಇಂಗ್ಲಂಡಿನ್ಯಾಗ 1959ರಾಗ ಗುಂಡಿ ಒತ್ತಿದ್ರ ಹಾರೋ ಚಾಕಿನ ಮ್ಯಾಲ ಕಾಯ್ದೆ ಬಂದ್ವು. ನಮ್ಮಲ್ಲಿ ದೆಹಲಿ ಆಡಳಿತ 1980ರಾಗ ಒಂದು ಅಧಿಸೂಚನೆ ಹೊರಡಿಸಿತು. ಸ್ಪ್ರಿಂಗಿನ ಚಾಕು, ಗರಾರಿ ಅಂದ್ರ ಹಲ್ಲಿನ ಚಾಕು, ಗುಂಡಿ ಚಾಕು, ಇವುಗಳ ಅಲಗು 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಇದ್ರ ಅದು ಆಯುಧ ಅಂತ. ಅಂದ್ರ ಮೂರ ಇಂಚು! ಇನ್ನೊಂದು ಕಡೆ, ದೇಶದ ಆಯುಧ ನಿಯಮದಾಗ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕಕ್ಕ ಬಂದ್ರೂ, ಮನಿಗೆಲಸಕ್ಕ, ಒಕ್ಕಲುತನಕ್ಕ ಅಂತ ಮಾಡಿದ್ದನ್ನ ಬಿಟ್ಟಾರ. ನಮ್ಮ ಕೊಡಲಿ, ಕುಡಗೋಲಿಗೆ ತಕರಾರಿಲ್ಲ. ಕುಡಗೋಲು ಎಷ್ಟ ದೊಡ್ಡದಿದ್ರೂ ಎಲ್ಲಾರಿಗೂ ಕಾಣೋ ಹಂಗ ಐತಿ. ಗುಂಡಿ ಚಾಕು ಮುಚ್ಚಿಟ್ಕೊಂಡು ಬಂದು ಎದುರಿನಾಂವಗ ಗೊತ್ತಾಗೂದರೊಳಗ ಬಿಚ್ಚಾಕ ಬರತೈತಿ. ಕಿಸೇದಾಗ ಇಟ್ಕೊಂಡು ಊರೂರು ತಿರಗೋ ಹುಡುಗರು ಇಷ್ಟು ನೆನಪಿಡ್ರಿ, ದಿಲ್ಲಿ-ಗಿಲ್ಲಿಗೆ ಹೋದಾಗಂತೂ ಒಯ್ಯಬ್ಯಾಡ್ರಿ.

ಹಂಗಂತ ಹೊಸಾದೆಲ್ಲಾ ಕೆಟ್ಟದ್ದು ಅನ್ನೋ ಮುದುಕ ನಾನಲ್ಲ. ಫ್ರಾನ್ಸಿನ ಸವೋಯ್ ಅನ್ನೋ ಗುಡ್ಡಗಾಡಿನ್ಯಾಗ ಜೋಸೆಫ್ ಒಪಿನೆಲ್ ಅನ್ನಾಂವ 1890ರಾಗ ಒಂದು ಚಾಕು ಮಾಡಿದ. ಕಟ್ಟಿಗಿ ಹಿಡಿಕಿ, ಅಲಗು, ರಿವೀಟು. ಥೇಟ್ ನಮ್ಮ ಮುತ್ಯಾನ ಚಾಕಿನ ಅಣ್ಣತಮ್ಮ. ಅಲ್ಲಿ ರೈತರು, ದನಗಾಹಿಗಳು ಅದನ್ನ ಬಳಸಿದ್ರು. ಕೆಲಸದಾಗ ಅಲಗು ಮಡಚಿ ಬೆರಳ ಮ್ಯಾಲ ಬೀಳೋದು ತಪ್ಪಿಸಾಕ 1955ರಾಗ ಕೊಳ್ಳಿಗೆ ಒಂದು ಉಕ್ಕಿನ ಬಳಿ ಹಾಕಿದ್ರು. ಬಳಿ ತಿರುವಿದ್ರ ಅಲಗು ಗಟ್ಟಿ ನಿಂದರತೈತಿ. ಬಳಿ ಕಣ್ಣಿಗೆ ಕಾಣತೈತಿ, ತಿರುವೋದು ಬಾಟಲಿ ಮುಚ್ಚಳ ತಿರುವಿದಂಗ, ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದರದ್ದೂ ಒಂದು ಐಬು ಐತಿ, ಹಿಡಿಕಿ ನೀರು ಕುಡದ್ರ ಕಟ್ಟಿಗಿ ಉಬ್ಬಿ ಅಲಗು ಹೊರಗ ಬರಾಕ ಸತಾಯಿಸತೈತಿ. ಅದಕ್ಕ ಅಲ್ಲಿ ಮಂದಿ ಹಿಡಿಕಿ ಹಿಂಭಾಗಾನ ಗಟ್ಟಿ ಜಾಗಾಕ್ಕ ಕುಟ್ಟಿ ಅಲಗು ಹೊರಗ ಬರಿಸ್ತಾರ. ಐಬೂ ಸರಳ, ಮದ್ದೂ ಸರಳ.

ಸ್ವಿಸ್ ಸೈನ್ಯದ ಚಾಕು ಇನ್ನೊಂದು. 1891ರಿಂದ ಕಾರ್ಲ್ ಎಲ್ಸೆನರ್ ಅನ್ನಾಂವ ಸೈನಿಕರಿಗೆ ಕೊಟ್ಟಿದ್ದು. ಬೆನ್ನಿನ್ಯಾಗ ಒಂದು ಪಟ್ಟಿ ಸ್ಪ್ರಿಂಗ್, ಅಲಗು ಬಿಚ್ಚಿದಾಗೂ ಮುಚ್ಚಿದಾಗೂ ಅದ ಹಿಡೀತೈತಿ. ಗುಟ್ಟು ಏನೂ ಇಲ್ಲ. ಆದ್ರ ಉಗುರು ಹಾಕಿ ತಗೀಬೇಕು, ಎಣ್ಣಿ ಕೈಯಾಗ, ಉಳ್ಳಾಗಡ್ಡಿ ಕೈಯಾಗ ಜಾರತೈತಿ. ನನಗ ಅಷ್ಟು ಸೇರಂಗಿಲ್ಲ.

ಒಂದ ಕೈಲೆ ಬಿಚ್ಚೋದು ಶೋಕಿ ಅಂತಾನೂ ಹೇಳಂಗಿಲ್ಲ. ನಮ್ಮ ಸೋದರಮಾವನ ಮಗ ರಾಶಿ ಮಷೀನಿನ್ಯಾಗ ಎಡಗೈ ಮೂರು ಬೆರಳು ಕಳಕೊಂಡಾನ. ಆಂವಗ ಎರಡು ಕೈ ಬೇಡೋ ಚಾಕು ಚಾಕೇ ಅಲ್ಲ. ಆಂವನ ಹತ್ರ ಇರೋದು ಅಲಗಿನ ಬುಡಕ್ಕ ಒಂದು ದುಂಡನ ತೂತು ಇರೋದು. ಹೆಬ್ಬೆರಳು ತೂತಿಗೆ ಇಟ್ಟು ದೂಡಿದ್ರ ಅಲಗು ಬರತೈತಿ. ಅಮೆರಿಕಾದ ಸ್ಪೈಡರ್ಕೊ ಕಂಪನಿಯವರು 1981ರಾಗ ತಂದ ಉಪಾಯ ಇದು, ಈಗ ಎಷ್ಟೋ ಮಂದಿ ನಕಲು ಮಾಡ್ಯಾರ. ಸ್ಪ್ರಿಂಗಿನ ದಬ್ಬು ಇಲ್ಲ, ತಡಿಯೋ ಗುಂಡಿ ಇಲ್ಲ. ನಮ್ಮವ್ವನ ಕೈಗೆ ಕೊಟ್ಟೆ, ಆಕಿ ತೂತು ನೋಡಲೂ ಇಲ್ಲ, ಎರಡೂ ಕೈ ಹಚ್ಚಿ ಅಲಗು ಹಿಡಿದು ಸುಮ್ಮನ ಬಿಚ್ಚಿದಳು. ಜಾಣತನ ಗೊತ್ತಿದ್ದಾಂವಗ ಒಂದು ದಾರಿ, ಗೊತ್ತಿಲ್ಲದವರಿಗೆ ಇನ್ನೊಂದು ದಾರಿ, ಎರಡೂ ತೆರದಿದ್ದವು. ನಂದರಾಗ ಇದ್ದದ್ದು ಒಂದ ದಾರಿ, ಅದಕ್ಕೂ ಗೇಟು.

ಈಗ ಮನಿಗೆ ಬರೋ ಚಾಕಿಗೆ ನಾ ಒಂದು ಪರೀಕ್ಷೆ ಇಟ್ಟೀನಿ. ಅಂಗಡ್ಯಾಗ ಮುಚ್ಚಿದ ಚಾಕು ಅವ್ವನ ಕೈಗೆ ಕೊಡೋದು, ಏನೂ ಹೇಳಂಗಿಲ್ಲ. ಆಕಿ ಬಿಚ್ಚಿ, ಕುಯ್ದು, ಮುಚ್ಚಬೇಕು. ಅವ್ವನ್ನ ಅಂಗಡಿಗೆ ಕರಕೊಂಡು ಹೋಗೋದ ಕಷ್ಟ, ಅದು ಬ್ಯಾರೆ ಮಾತು.

ಆ ಚಾಕು ಏನಾತು ಅಂತ ಕೇಳ್ತೀರಿ. ಮೊದಲು ನಮ್ಮೂರ ಕಂಬಾರ ಕಾಕಾನ ಹತ್ರ ಒಯ್ದೆ. ಆಂವ ಹೊಳ್ಳಿಸಿ ಮಳ್ಳಿಸಿ ನೋಡಿ, "ರಿವೀಟು ಇದ್ರ ಬಡೀತೀನಿ, ಇದಕ್ಕ ನಾ ಏನ್ ಮಾಡಲಿ" ಅಂದ. ಅದರ ಸ್ಕ್ರೂ ಆರು ಮೂಲಿ ಚುಕ್ಕಿ ಆಕಾರದ್ದು, ಕಂಬಾರ ಸಾಲ್ಯಾಗ ಅಂಥಾ ಪಾನಾ ಎಲ್ಲಿ ಬರಬೇಕು. ಕಡೀಕ ರೋಣದಾಗ ಮೊಬೈಲ್ ರಿಪೇರಿ ಹುಡುಗನ ಹತ್ರ ಸಿಕ್ತು. ಬಿಚ್ಚಿದ್ರ ಒಳಗ ನಮ್ಮ ಹೊಲದ ಎರಿ ಮಣ್ಣು ಅರಲು ಆಗಿ ಕುಂತಿತ್ತು. ಸ್ಪ್ರಿಂಗ್ ನೋಡಿದ್ರ ಬಾಚಣಿಕಿ ಹಲ್ಲಿನಷ್ಟು ದಪ್ಪ. ಆ ಹುಡುಗ ಸ್ಪ್ರಿಂಗೂ ಜಾರೋ ಗುಂಡೀನೂ ತಗದು ಒಂದು ಕಾಗದದಾಗ ಕಟ್ಟಿ ಕೊಟ್ಟ. ಈಗ ಅಲಗು ಸುಮ್ಮನ ಕೈಲೆ ಬರತೈತಿ. ಡ್ರಿಪ್ ಪೈಪ್ ಕೊಯ್ಯಾಕ ಇಟ್ಟೀನಿ. ಮುಚ್ಚಾಕ ಮಾತ್ರ ಇನ್ನೂ ಬೆರಳು ಅಲಗಿನ ಬಾಯಾಗ ಇಡಬೇಕು. ಗ್ವಾದ್ಲಿ ಕಂಬಕ್ಕ ಒಂದು ಕುಡಗೋಲು ಕಾಯಂ ತೂಗು ಹಾಕೀನಿ, ಸುಗ್ಗಿ ಇರಲಿ ಬಿಡಲಿ.

ಕಂಬಾರ ಕಾಕಾಗ ಮುತ್ಯಾಂದರಂಥಾ ಒಂದು ಮಾಡಿಕೊಡು ಅಂದೆ. "ಬರಂಗಿಲ್ಲ ಅಂತಲ್ಲಪ್ಪಾ. ಸೀಳು ಹೊಡದು, ಅಲಗು ಕೂಡಿಸಿ, ರಿವೀಟು ಹದಕ್ಕ ತರಾಕ ಅರ್ಧ ದಿನ ಬೇಕು. ಅರವತ್ತು ರೂಪಾಯಿಗೆ ಕೇಳ್ತಾರ, ಕೂಲಿ ಹುಟ್ಟಂಗಿಲ್ಲ" ಅಂದ. ಖರೇನ ಐತಿ. ಸಾವಿರದ ನೂರಾ ಐವತ್ತು ಆನ್‌ಲೈನಿಗೆ ಕೊಟ್ಟಾಂವ ನಾ, ಆಂವಗ ಏನ್ ಹೇಳಲಿ. ಮುನ್ನೂರು ಕೊಡ್ತೀನಿ ಅಂದೀನಿ, ಮಾರಿ ನೋಡಿ ಸುಮ್ಮನ ನಕ್ಕಾನ.

ಬನದ ಹುಣ್ಣಿವಿ ಹತ್ರ ಬಂತು. ಈ ಸಲ ಎತ್ತಿನ ಆರೈಕಿ ಬಿಟ್ಟು ನನಗ ಬನಶಂಕರಿ ಜಾತ್ರಿಗೆ ಹೋಗಾಕ ಆಗಂಗಿಲ್ಲ. ಹೋಗೋರು ಯಾರರ ಇದ್ರ, ಹಿಂದ ಮಾರತಿದ್ರಲ್ಲ ಅಂಥಾ ಕಟ್ಟಿಗಿ ಹಿಡಿಕಿ ಮಡಚೋ ಚಾಕು ಇನ್ನೂ ಸಿಕ್ರ ಎರಡು ತಂದುಕೊಡ್ರಿ. ರಿವೀಟು ಒಂದ ಇರಬೇಕು, ಅಲಗು ನಾಲ್ಕು ಬೆರಳು ಉದ್ದ ಸಾಕು. ಫೋಟೋ ಕಳಸ್ರಿ, ರೊಕ್ಕ ಆಗಿಂದಾಗ ಫೋನ್‌ಪೇ ಮಾಡ್ತೀನಿ.